ಹದಿನೇಳನೇ ಲಕೋಟೆ

ನಮ್ಮ ಐಸಿಯುನಲ್ಲಿ ಒಂದು ಹಸಿರು ಪರದೆ ಇತ್ತು. ಅದರ ಆಚೆ ಕಾಲಿಡಲು ಇಡೀ ಆಸ್ಪತ್ರೆಯಲ್ಲಿ ಒಬ್ಬನಿಗೆ ಮಾತ್ರ ಪರವಾನಗಿ. ದೊಡ್ಡ ಸರ್ಜನ್‌ಗೆ ಇಲ್ಲ, ಟ್ರಸ್ಟಿಗಳಿಗೆ ಇಲ್ಲ, ಯಾರ ಸಂಶೋಧನೆಗಾಗಿ ಆ ಪರದೆ ಕಟ್ಟಿದ್ದರೋ ಆ ಡಾಕ್ಟರ್ ಚಾರುಲತಾ ಬೋರ್ಕರ್ ಅವರಿಗೂ ಇಲ್ಲ. ಇದ್ದದ್ದು ನನಗೆ. ನಾನು ರುದ್ರಪ್ಪ, ಇಪ್ಪತ್ತೊಂದು ವರ್ಷ ಇದೇ ನಾಗಪುರದ ಆಪರೇಷನ್ ಥಿಯೇಟರುಗಳಲ್ಲಿ ಸಿಲಿಂಡರ್ ಉರುಳಿಸಿದ ಟೆಕ್ನಿಷಿಯನ್. ಡಾಕ್ಟರುಗಳೆಲ್ಲ ಪರದೆಯ ಈಚೆ, ನಾನೊಬ್ಬ ಆಚೆ. ಇದರಿಂದ ನನ್ನ ತಲೆ ಸ್ವಲ್ಪ ತಿರುಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅದು ೧೯೯೯. ಸಂಶೋಧನೆ ಏನೆಂದು ಸರಳವಾಗಿ ಹೇಳಿಬಿಡುತ್ತೇನೆ. ನೈಟ್ರಿಕ್ ಆಕ್ಸೈಡ್ ಎಂಬ ಒಂದು ಗ್ಯಾಸ್. ಜಾಸ್ತಿಯಾದರೆ ವಿಷ. ಆದರೆ ಹತ್ತು ಲಕ್ಷ ಪಾಲು ಗಾಳಿಗೆ ಇಪ್ಪತ್ತು ಪಾಲಿನಂತೆ ಬೆರೆಸಿ ವೆಂಟಿಲೇಟರ್ ಮೂಲಕ ಕೊಟ್ಟರೆ, ಶ್ವಾಸಕೋಶದಲ್ಲಿ ಬಿಗಿದುಕೊಂಡ ರಕ್ತನಾಳಗಳು ಸಡಿಲಾಗಿ ರಕ್ತಕ್ಕೆ ಆಕ್ಸಿಜನ್ ಹೆಚ್ಚು ಸೇರುತ್ತದೆ. ಸೇರುವುದು ನಿಜ. ಹಾಗೆ ಸೇರಿದ್ದರಿಂದ ರೋಗಿ ಬದುಕುತ್ತಾನೋ ಇಲ್ಲವೋ ಎಂಬುದು ಪ್ರಶ್ನೆ. ಅದನ್ನು ತಿಳಿಯಲು ಮ್ಯಾಡಮ್ ಇಪ್ಪತ್ತು ರೋಗಿಗಳ ಅಧ್ಯಯನ ಶುರುಮಾಡಿದ್ದರು. ಹತ್ತು ಜನಕ್ಕೆ ಈ ಗ್ಯಾಸ್, ಹತ್ತು ಜನಕ್ಕೆ ಬರೀ ನೈಟ್ರೋಜನ್. ನೈಟ್ರೋಜನ್ ಎಂದರೆ ನಾವೆಲ್ಲ ದಿನವಿಡೀ ಎಳೆದುಕೊಳ್ಳುವ ಗಾಳಿಯ ಮುಕ್ಕಾಲು ಪಾಲು, ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಯಾರಿಗೆ ಯಾವುದು ಎಂಬುದು ಮೊದಲೇ ಚೀಟಿ ಎತ್ತಿ ಮೊಹರು ಮಾಡಿದ ಲಕೋಟೆಯಲ್ಲಿ. ರೋಗಿ ಬಂದಾಗ ಲಕೋಟೆ ಒಡೆಯುವವನು ನಾನು, ಸಿಲಿಂಡರ್ ಜೋಡಿಸುವವನು ನಾನು, ಪರದೆಯ ಹಿಂದೆ ಮೀಟರು ನೋಡಿ ಬರೆಯುವವನು ನಾನು. ರೋಗಿ ಮತ್ತು ವೆಂಟಿಲೇಟರು ಪರದೆಯ ಈಚೆ, ಸಿಲಿಂಡರು ಮೀಟರು ಆಚೆ. ಎರಡೂ ಬಗೆಯ ಸಿಲಿಂಡರುಗಳಿಗೆ ಒಂದೇ ಬಣ್ಣ, ಮೇಲೆ ನಂಬರು ಮಾತ್ರ. ಯಾವ ನಂಬರಿನಲ್ಲಿ ಏನಿದೆ ಎಂಬ ಪಟ್ಟಿ ನನ್ನ ಬಳಿ. ಲಕೋಟೆಗಳ ಇನ್ನೊಂದು ಪ್ರತಿ ಮ್ಯಾಡಮ್ಮರ ಕಬ್ಬಿಣದ ಕಪಾಟಿನಲ್ಲಿ, ತುರ್ತು ಬಂದರೆ ಮಾತ್ರ ಒಡೆಯಲು.

"ನನಗೆ ಯಾಕೆ ಗೊತ್ತಾಗಬಾರದು ಅಂದರೆ, ನನಗೂ ಆಸೆ ಇರುತ್ತೆ ರುದ್ರಪ್ಪ," ಎಂದಿದ್ದರು ಮ್ಯಾಡಮ್ ಮೊದಲ ದಿನ. "ಗೊತ್ತಾದರೆ ನನ್ನ ಕಣ್ಣು ಆಸೆಪಟ್ಟದ್ದನ್ನೇ ನೋಡುತ್ತೆ." ಅವರು ಹೇಳಿದ್ದು ಮರಾಠಿಯಲ್ಲಿ. ನಾನಿಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ನನ್ನ ಅನುವಾದವನ್ನು ಎಷ್ಟು ನಂಬಬೇಕು ಎಂಬುದನ್ನು ಪೂರ್ತಿ ಓದಿದ ಮೇಲೆ ನೀವೇ ತೀರ್ಮಾನಿಸಿ.

ಮೇ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಊರಾಚೆಯ ಕೈಗಾರಿಕಾ ಪ್ರದೇಶ ಬುಟಿಬೋರಿಯಿಂದ ಸುನೀಲ್ ಎಂಬ ಹುಡುಗ ಬಂದ. ಇಪ್ಪತ್ತನಾಲ್ಕು ವರ್ಷ. ಯಾವುದೋ ಕಾರ್ಖಾನೆಯ ನೀರಿನ ಘಟಕದಲ್ಲಿ ಕ್ಲೋರಿನ್ ಸೋರಿ, ಮೊದಲ ಪಾಳಿಯಲ್ಲಿದ್ದ ಇವನು ಎರಡು ನಿಮಿಷ ಅದರೊಳಗೆ ಸಿಕ್ಕಿಕೊಂಡಿದ್ದನಂತೆ. ಭಾನುವಾರ ಕೆಮ್ಮು, ಸೋಮವಾರ ಏದುಸಿರು, ಮಂಗಳವಾರ ಬಾಯಲ್ಲಿ ನೊರೆ. ಶ್ವಾಸಕೋಶದ ತುಂಬ ನೀರು. ಮ್ಯಾಡಮ್ ತಕ್ಷಣ ಗಂಟಲಿಗೆ ನಳಿಗೆ ಹಾಕಿ ವೆಂಟಿಲೇಟರಿಗೆ ಸೇರಿಸಿದರು. ಶುದ್ಧ ಆಕ್ಸಿಜನ್ ಕೊಟ್ಟರೂ, ರಕ್ತದ ಆಕ್ಸಿಜನ್ ಅಳೆಯಲು ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನ ಅಂಕಿ ಶೇಕಡಾ ಎಪ್ಪತ್ತೆಂಟರ ಮೇಲೆ ಏರಲಿಲ್ಲ. ನಿಮಗೂ ನನಗೂ ಅದು ತೊಂಬತ್ತೆಂಟು ಇರುತ್ತದೆ.

ಹೊರಗೆ ಬೆಂಚಿನ ಮೇಲೆ ಅವನ ತಂದೆ ಶಂಕರಪ್ಪ ಕೂತಿದ್ದರು. ಗದಗ ಬೆಟಗೇರಿಯ ನೇಕಾರರು. ಮಗನ ಗೆಳೆಯನ ಫೋನು ಬಂದ ಕೂಡಲೇ ಹೊರಟು, ರೈಲು ಬದಲಾಯಿಸಿ, ನಾಗಪುರವನ್ನು ಜೀವನದಲ್ಲಿ ಮೊದಲ ಸಲ ನೋಡುತ್ತಿದ್ದರು. ಬಿಳಿ ಟೋಪಿ, ಹೆಗಲ ಮೇಲೆ ಟವೆಲ್ಲು, ಮಡಿಲಲ್ಲಿ ಮಗನ ಚಪ್ಪಲಿ ಸುತ್ತಿದ ಚೀಲ. ಮರಾಠಿ ಒಂದಕ್ಷರ ಬಾರದು, ಹಿಂದಿ ಅಂದರೆ ನಾಲ್ಕಾರು ಶಬ್ದ. ಬೆಳಗಿನಿಂದ ಎಲ್ಲರೂ ಅವರೊಂದಿಗೆ ಕೈಸನ್ನೆಯಲ್ಲೇ ಮಾತಾಡಿದ್ದರು. ನಾನು ಹೋಗಿ "ಎಲ್ಲಿಂದ ಬಂದ್ರಿ ಕಾಕಾ?" ಎಂದದ್ದೇ ತಡ, ಆ ಮನುಷ್ಯ ನನ್ನ ಎರಡೂ ಕೈ ಹಿಡಿದುಕೊಂಡರು.

"ನಮ್ಮವರು ಸಿಕ್ಕ್ರಿ. ಇನ್ನ ನನಗ ಚಿಂತಿಲ್ಲ," ಅಂದರು.

ನಾನು ಹುಟ್ಟಿದ್ದು ಇದೇ ನಾಗಪುರದ ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಗದಗಿನಿಂದ ವರ್ಗವಾಗಿ ಬಂದವರು. ನನ್ನ ಕನ್ನಡ ಮನೆಯೊಳಗೆ ಮಾತ್ರ ಬಾಳಿದ ಕನ್ನಡ. ಹೊರಗಿನವರೊಬ್ಬರು ಅದನ್ನು ಹೀಗೆ ಹಿಡಿದುಕೊಂಡದ್ದು ನನಗೆ ಹೊಸದು. ಖುಷಿಯಾಯಿತು, ಹೆಮ್ಮೆಯೂ ಆಯಿತು. ಕೆಟ್ಟದ್ದೆಲ್ಲ ಅಲ್ಲಿಂದಲೇ ಶುರುವಾಯಿತು.

ಸುನೀಲ್ ಅಧ್ಯಯನಕ್ಕೆ ಹೊಂದುವ ರೋಗಿ ಎಂದು ಮ್ಯಾಡಮ್ ತೀರ್ಮಾನಿಸಿದರು. ಒಪ್ಪಿಗೆ ಪತ್ರ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಯಾರು ಮಾಡಿಸುತ್ತಾರೆ? "ನೀವೇ ಹೇಳಿ," ಎಂದು ಅವರು ನನ್ನನ್ನು ಕೂರಿಸಿಕೊಂಡರು. "ಒಂದೂ ಬಿಡಬೇಡಿ. ಎರಡನೇ ಪುಟ ಮುಖ್ಯ. ಯಾವ ಗ್ಯಾಸ್ ಬರುತ್ತೋ ನನಗೂ ಗೊತ್ತಿರೋಲ್ಲ. ಅರ್ಧದಷ್ಟು ಸಂಭವ ಬರೀ ನೈಟ್ರೋಜನ್. ನಿಜವಾದ ಗ್ಯಾಸ್ ಬಂದರೂ ಉಳೀತಾನೆ ಅನ್ನೋ ಖಾತರಿ ಇಲ್ಲ. ಬೇಡ ಅಂದರೆ ಉಳಿದ ಚಿಕಿತ್ಸೆ ಒಂದಿಷ್ಟೂ ಕಡಿಮೆಯಾಗಲ್ಲ. ಬರೋಬರ್ ತಿಳೀಬೇಕು ಅವರಿಗೆ."

ನಾನು ಶುರುಮಾಡಿದೆ. "ಕಾಕಾ, ಒಂದು ಹೊಸಾ ಗ್ಯಾಸ್ ಐತಿ. ಅದನ್ನ ಉಸಿರಿನಾಗ ಕೊಟ್ರ ರಕ್ತಕ್ಕ ಆಕ್ಸಿಜನ್ ಜಾಸ್ತಿ ಸೇರ್ತೈತಿ. ಅದು ಛಲೋನೋ ಕೆಟ್ಟೋ ಅಂತ ನೋಡಾಕ ಮ್ಯಾಡಮ್ ಪರೀಕ್ಷಾ ಮಾಡಾಕತ್ಯಾರ."

"ಕೊಡ್ತಾರಲ್ರಿ ನಮ್ಮ ಹುಡುಗಗ?"

ಎರಡನೇ ಪುಟ ನನ್ನ ಕೈಯಲ್ಲೇ ಇತ್ತು. ಅರ್ಧದಷ್ಟು ಸಂಭವ ಬರೀ ಗಾಳಿ ಎಂದು ಆ ಮುಖಕ್ಕೆ ಹೇಗೆ ಹೇಳುವುದು? ಹೇಳಿದರೆ ಇವರು ಬೇಡ ಅನ್ನುತ್ತಾರೆ, ಅಂದರೆ ಹುಡುಗನಿಗೆ ಇದ್ದ ಅರ್ಧ ಅವಕಾಶವೂ ಹೋಗುತ್ತದೆ ಎಂದುಕೊಂಡೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂಬ ಭ್ರಮೆ ಬಂದಾಗ ಮನುಷ್ಯನಿಗೆ ಕಾರಣಗಳು ಕ್ಯೂ ಹಚ್ಚಿ ಬರುತ್ತವೆ.

"ಕೊಡ್ತಾರ್ರಿ," ಅಂದೆ.

"ನೀವು ಇರ್ತೀರಲ್ಲಾ ಜೋಡಿಗೆ?"

"ನಾನ ಜೋಡಸಾಂವ, ಕಾಕಾ."

ಅವರು ಕನ್ನಡದಲ್ಲಿ ಸಹಿ ಮಾಡಿದರು, ಅಕ್ಷರ ಅಕ್ಷರವಾಗಿ, ನಿಧಾನಕ್ಕೆ. "ಎಲ್ಲ ಹೇಳಿದಿರಾ?" ಎಂದು ಮ್ಯಾಡಮ್ ಕೇಳಿದರು. ಎಲ್ಲ ಹೇಳಿದೆ ಎಂದೆ.

ಪರದೆಯ ಹಿಂದೆ ಹೋಗಿ ಹದಿನೇಳನೇ ಲಕೋಟೆ ಒಡೆದೆ. ಒಳಗಿನ ಚೀಟಿಯಲ್ಲಿ ಇದ್ದದ್ದು ನೈಟ್ರೋಜನ್.

ಹದಿನಾರು ರೋಗಿಗಳಿಗೆ ಲಕೋಟೆ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದೆ. ಅದರ ಮೇಲೆ ಆಣೆ ಇಡಬಲ್ಲೆ, ಆದರೆ ನನ್ನ ಆಣೆಯ ಬೆಲೆ ಏನೆಂದು ಮುಂದೆ ಬರುತ್ತದೆ. ಆ ಹದಿನಾರರಲ್ಲಿ ಎಂಟು ಜನಕ್ಕೆ ನಿಜವಾದ ಗ್ಯಾಸ್ ಹೋಗಿತ್ತು. ಎಂಟೂ ಸಲ ಗಂಟೆಯೊಳಗೆ ಅಂಕಿ ಏರಿದ್ದನ್ನು ಕಣ್ಣಾರೆ ಕಂಡಿದ್ದೆ. ಡಾಕ್ಟರುಗಳಿಗೆ ಇನ್ನೂ ಉತ್ತರ ಗೊತ್ತಿಲ್ಲ, ನನಗೆ ಗೊತ್ತು ಎಂದುಕೊಂಡಿದ್ದೆ. ಅಂಕಿ ಏರಿದ ಮೇಲೆ ಅವರಲ್ಲಿ ಯಾರು ನಡೆದು ಮನೆಗೆ ಹೋದರು, ಯಾರನ್ನು ಹೊತ್ತುಕೊಂಡು ಹೋದರು ಎಂದು ನಾನು ಒಮ್ಮೆಯೂ ಜೋಡಿಸಿ ನೋಡಿರಲಿಲ್ಲ.

ಪರದೆಯ ಸಂದಿನಿಂದ, ಬಾಗಿಲ ಗಾಜಿನಲ್ಲಿ ಶಂಕರಪ್ಪನವರ ಬಿಳಿ ಟೋಪಿ ಕಾಣುತ್ತಿತ್ತು. ಕೊಡುತ್ತಾರೆ ಎಂದು ನಾನು ಹೇಳಿಯಾಗಿತ್ತು. ನೈಟ್ರೋಜನ್ ಸಿಲಿಂಡರನ್ನು ಪಕ್ಕಕ್ಕೆ ಸರಿಸಿ ಇನ್ನೊಂದನ್ನು ಎಳೆದುಕೊಂಡೆ. ಕೀಲಿ ತಿರುಗಿಸಿ ಇಪ್ಪತ್ತಕ್ಕೆ ಇಟ್ಟೆ. ಚೀಟಿಯನ್ನು ಲಕೋಟೆಗೆ ವಾಪಸು ತುರುಕಿ, ಪುಸ್ತಕದಲ್ಲಿ ನೈಟ್ರೋಜನ್ ಸಿಲಿಂಡರಿನ ನಂಬರು ಬರೆದೆ. ಅಕ್ಷರ ದುಂಡಗೆ ಬಂತು, ಅದೇ ನನಗೆ ಇವತ್ತಿಗೂ ನಾಚಿಕೆ.

ಐವತ್ತು ನಿಮಿಷದಲ್ಲಿ ಎಪ್ಪತ್ತೆಂಟು ತೊಂಬತ್ತೊಂದಾಯಿತು. ನಮ್ರತಾ ಸಿಸ್ಟರ್ ಓಡಿ ಬಂದು ಅಂಕಿ ತೋರಿಸಿದಳು. ಮ್ಯಾಡಮ್ ಪರದೆಯ ಕಡೆಗೊಮ್ಮೆ ನೋಡಿ, ನೋಡಬಾರದೆಂದು ನೆನಪಾಗಿ ಮುಖ ತಿರುಗಿಸಿಕೊಂಡರು. ಶಂಕರಪ್ಪನವರು ನನ್ನ ಕಾಲಿಗೆ ಕೈ ಹಾಕಲು ಬಂದರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ನಾನು ಹಿಂದೆ ಸರಿದೆ, ಆದರೆ ಒಳಗೊಳಗೆ ಹಿಗ್ಗಿದೆ.

ಎರಡು ದಿನ ಹೀಗೆ ನಡೆಯಿತು. ಮೀಟರಿನಲ್ಲಿ ಇಪ್ಪತ್ತು ತೋರಿಸುತ್ತಿದ್ದರೆ ಪುಸ್ತಕದಲ್ಲಿ ಸೊನ್ನೆ ಬರೆಯುತ್ತಿದ್ದೆ. ನಮ್ಮ ನಿಯಮದ ಪ್ರಕಾರ ಮೂರು ದಿನ ಮುಗಿದ ಮೇಲೆ ಎರಡೂ ಬಗೆಯ ಸಿಲಿಂಡರನ್ನು ಒಂದೇ ರೀತಿ, ಗಂಟೆಗೆ ಇಷ್ಟಿಷ್ಟೇ ಎಂದು ಇಳಿಸುತ್ತಿದ್ದೆವು. ಯಾಕೆಂದರೆ ಈ ಗ್ಯಾಸನ್ನು ಒಮ್ಮೆಲೇ ನಿಲ್ಲಿಸಬಾರದು. ಅಷ್ಟು ಹೊತ್ತು ಸಡಿಲಾಗಿದ್ದ ರಕ್ತನಾಳಗಳು ಮೊದಲಿಗಿಂತ ಗಟ್ಟಿಯಾಗಿ ಬಿಗಿದುಕೊಳ್ಳುತ್ತವೆ, ರೋಗಿ ಶುರುವಿಗಿಂತ ಕೆಳಗೆ ಬೀಳುತ್ತಾನೆ. ಶುಕ್ರವಾರ ಬೆಳಿಗ್ಗೆಯಿಂದ ನಿಧಾನಕ್ಕೆ ಇಳಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ ಎಂಬುದು ನನ್ನ ಲೆಕ್ಕ. ಗುರುವಾರ ಹನ್ನೊಂದು ಗಂಟೆಗೆ ಆ ಲೆಕ್ಕ ತಲೆಕೆಳಗಾಯಿತು.

ಹುಡುಗನಿಗೆ ಜ್ವರ ಏರಿತ್ತು, ರಕ್ತದೊತ್ತಡ ಇಳಿದಿತ್ತು. ಎಕ್ಸ್‌ರೇಯಲ್ಲಿ ಬಲಗಡೆ ಪೂರಾ ಬೆಳ್ಳಗೆ. ಒಳಗೆ ಕೀವು ಕೂಡಿದೆಯೋ ಏನೋ, ಸಿಟಿ ಸ್ಕ್ಯಾನ್ ಆಗಲೇಬೇಕು ಎಂದರು ಮ್ಯಾಡಮ್. ಸ್ಕ್ಯಾನ್ ನೆಲಮಹಡಿಯಲ್ಲಿ, ಲಿಫ್ಟು ಇಕ್ಕಟ್ಟು. ಟ್ರಾಲಿ, ಆಕ್ಸಿಜನ್ನು, ಚೀಲ ಒತ್ತಿ ಉಸಿರು ಕೊಡುವ ಒಬ್ಬರು, ಇಷ್ಟೇ ಅದರಲ್ಲಿ ಹಿಡಿಸುವುದು. ಅಧ್ಯಯನದ ಸಿಲಿಂಡರು, ಮೀಟರು, ಪೆಟ್ಟಿಗೆ ಎಲ್ಲ ಹಿಡಿಸುವಂತಿರಲಿಲ್ಲ.

"ಗ್ಯಾಸ್ ಹೋಗ್ತಿದ್ದರೆ ಸ್ಕ್ಯಾನ್ ಬೇಡ, ಇಲ್ಲೇ ಹೇಗೋ ನೋಡೋಣ," ಎಂದರು. "ನೈಟ್ರೋಜನ್ ಆದರೆ ಕಿತ್ತು ಬಿಸಾಕಿ ಹೋಗೋಣ. ಕೋಡ್ ಒಡೀತೀನಿ, ಲಕೋಟೆ ತೆಗೆದು ನೋಡಿಬಿಡ್ತೀನಿ." ಕಪಾಟಿನಿಂದ ಹದಿನೇಳನೇ ಲಕೋಟೆಯ ಪ್ರತಿ ತಂದರು. ಎರಡು ವರ್ಷದಲ್ಲಿ ಅವರು ಕೋಡ್ ಒಡೆದದ್ದು ಅದೇ ಮೊದಲು. ಅಂಚು ಹರಿದು, ಚೀಟಿ ಓದಿ, ಸ್ವಲ್ಪ ಬೆರಗಾದರು. "ಇಷ್ಟು ಚೆನ್ನಾಗಿ ಏರಿದ್ದು ಬರೀ ನೈಟ್ರೋಜನ್‌ಗಾ? ನೋಡಿದಿರಾ ರುದ್ರಪ್ಪ, ಇದಕ್ಕೇ ಪರದೆ ಬೇಕು ಅನ್ನೋದು." ಆಮೇಲೆ, "ಮುಚ್ಚಿ. ಜಲ್ದಿ. ಸ್ಕ್ಯಾನ್‌ನವರು ಹನ್ನೆರಡಕ್ಕೆ ಹೋಗ್ತಾರೆ."

ನಾನು ಪರದೆಯ ಹಿಂದೆ ಹೋದೆ. ಹೋಗಿ ಏನು ಮಾಡಿದೆ? ನಿಂತೆ. ಮುಚ್ಚಿದರೆ ಹುಡುಗ ಬೀಳುತ್ತಾನೆ. ಮುಚ್ಚದಿದ್ದರೆ, ನೈಟ್ರೋಜನ್ ಮುಚ್ಚಲು ಇವನಿಗೇನು ಧಾಡಿ ಎಂಬ ಪ್ರಶ್ನೆ ಬರುತ್ತದೆ. ಕೀಲಿಯನ್ನು ಕೂದಲೆಳೆಯಷ್ಟು ತಿರುಗಿಸಿ ಇಪ್ಪತ್ತನ್ನು ಹದಿನೆಂಟು ಮಾಡಿದೆ. ಆರೇಳು ಗಂಟೆ ಹಿಡಿಯುವ ಕೆಲಸವನ್ನು ಹತ್ತು ನಿಮಿಷದಲ್ಲಿ ಮುಗಿಸುವ ಮೂರ್ಖ ಪ್ರಯತ್ನ ಅದು. ಹದಿನಾರು. ಪರದೆಯ ಸಂದಿನಿಂದ ಅಂಕಿ ನೋಡಿದೆ. ತೊಂಬತ್ತೊಂದು ಎಂಬತ್ತೊಂಬತ್ತಾಗಿತ್ತು.

"ಮ್ಯಾಡಮ್, ಸ್ಕ್ಯಾನ್ ನಾಳೆ ಮಾಡಿದರೆ?" ಎಂದೆ ಒಳಗಿನಿಂದಲೇ.

"ಡಾಕ್ಟರ್ ಯಾರು, ನೀವಾ ನಾನಾ?"

"ಪೆಟ್ಟಿಗೆ ನಾನು ಮೆಟ್ಟಿಲ ಮೇಲೆ ಹೊತ್ತು ತರ್ತೀನಿ, ಜೊತೆಗೇ ಇರಲಿ."

"ನೈಟ್ರೋಜನ್ ಹೊತ್ತು ತರ್ತೀರಾ? ಏನಾಗಿದೆ ನಿಮಗೆ? ನಮ್ರತಾ, ಆ ಟ್ಯೂಬ್ ತೆಗಿ."

ನಮ್ರತಾ ಸಿಸ್ಟರ್ ಚುರುಕಿನ ಹೆಣ್ಣು. ನಾನು ತಡೆಯುವ ಮೊದಲೇ ವೆಂಟಿಲೇಟರಿಗೆ ಸೇರಿದ್ದ ತೆಳು ಟ್ಯೂಬನ್ನು ಕಿತ್ತು ಪರದೆಯ ಕೆಳಗೆ ತಳ್ಳಿ, ಆ ತೂತಿಗೆ ಮುಚ್ಚಳ ಹಾಕಿಬಿಟ್ಟಳು. ಪರದೆಯ ಹಿಂದೆ ಗ್ಯಾಸ್ ನನ್ನ ಮೂಗಿಗೆ ಬರತೊಡಗಿತು, ಹುಡುಗನ ಮೂಗಿಗಲ್ಲ. ಕೀಲಿ ಮುಚ್ಚಿ ಹೊರಗೆ ಬಂದೆ.

ಮೊದಲ ನಿಮಿಷ ಏನೂ ಆಗಲಿಲ್ಲ. ದೇವರಿದ್ದಾನೆ ಎಂದುಕೊಂಡೆ. ಎರಡನೇ ನಿಮಿಷ ಎಂಬತ್ತನಾಲ್ಕು. ನಮ್ರತಾ ಕ್ಲಿಪ್ಪನ್ನು ಬೇರೆ ಬೆರಳಿಗೆ ಹಾಕಿ ನೋಡಿದಳು. ಎಪ್ಪತ್ತೇಳು. ಮಾನಿಟರಿನ ಟಿಕ್ ಟಿಕ್ ಸದ್ದು ದಪ್ಪಗಾಗುತ್ತ ಹೋಯಿತು. ಅಂಕಿ ಇಳಿದಂತೆ ಆ ಯಂತ್ರದ ದನಿಯೂ ಇಳಿಯುತ್ತದೆ, ಕಣ್ಣು ಮುಚ್ಚಿಕೊಂಡರೂ ತಪ್ಪಿಸಿಕೊಳ್ಳಲಾಗುವುದಿಲ್ಲ. ಮ್ಯಾಡಮ್ ನಳಿಗೆ ನೋಡಿದರು, ಕಫ ಎಳೆದರು, ಆಕ್ಸಿಜನ್ ಪೈಪು ಮುಟ್ಟಿ ನೋಡಿದರು, ಎಲ್ಲ ಸರಿಯಾಗಿತ್ತು. ಅರವತ್ತೊಂಬತ್ತು. ಹುಡುಗನ ತುಟಿ ನೇರಳೆಯಾಗುತ್ತಿತ್ತು.

ಹೇಳು, ಹೇಳು ಎಂದು ನನ್ನ ಮನಸ್ಸು ಬಡಿದುಕೊಳ್ಳುತ್ತಿತ್ತು, ನಾಲಿಗೆ ಏಳಲಿಲ್ಲ. ಇನ್ನೊಂದು ಕ್ಷಣದಲ್ಲಿ ತಾನಾಗಿ ಸರಿಹೋಗಬಹುದು, ಹೇಳದೆಯೂ ಮುಗಿಯಬಹುದು ಎಂದು ಕಾದೆ. ಎರಡು ನಿಮಿಷ ಕಾದೆ. ಹೇಡಿತನಕ್ಕೆ ಬೇರೆ ಹೆಸರು ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಮ್ಯಾಡಮ್ ಎದೆಗೆ ಸ್ಟೆತಾಸ್ಕೋಪ್ ಇಟ್ಟರು. "ಬಲಗಡೆ ಸದ್ದೇ ಇಲ್ಲ. ಶ್ವಾಸಕೋಶ ಒಡೆದು ಗಾಳಿ ತುಂಬಿಕೊಂಡಿದೆ. ಎಕ್ಸ್‌ರೇಗೆ ಕಾಯೋಕಾಗಲ್ಲ. ದಪ್ಪ ಸೂಜಿ ಕೊಡು ನಮ್ರತಾ."

ಅವರ ಯೋಚನೆಯಲ್ಲಿ ತಪ್ಪಿರಲಿಲ್ಲ. ವೆಂಟಿಲೇಟರಿನಲ್ಲಿದ್ದವನು ಇದ್ದಕ್ಕಿದ್ದಂತೆ ಬಿದ್ದರೆ ಯಾವ ಡಾಕ್ಟರಾದರೂ ಮೊದಲು ಅದನ್ನೇ ನೆನೆಯುತ್ತಾರೆ. ಪಕ್ಕೆಲುಬಿನ ಸಂದಿಗೆ ಸೂಜಿ ಚುಚ್ಚಿ ಗಾಳಿ ಬಿಡುತ್ತಾರೆ. ಆದರೆ ಅಲ್ಲಿ ಗಾಳಿ ಇರದಿದ್ದರೆ? ಸೂಜಿ ಶ್ವಾಸಕೋಶಕ್ಕೇ ಹೋಗುತ್ತದೆ, ಒಡೆಯದಿದ್ದದ್ದು ಆಗ ಒಡೆಯುತ್ತದೆ. ಅರವತ್ತೆರಡರಲ್ಲಿರುವ ಹುಡುಗ ಅದನ್ನು ತಡೆಯುವುದಿಲ್ಲ. ಸ್ಪಿರಿಟ್ ಹತ್ತಿಯನ್ನು ಎದೆಗೆ ಒರೆಸಿದರು. ಬೆರಳಿನಿಂದ ಎಲುಬು ಎಣಿಸಿದರು, ಒಂದು, ಎರಡು.

"ಚುಚ್ಚಬೇಡಿ ಮ್ಯಾಡಮ್," ಎಂದೆ. "ಅದು ನೈಟ್ರೋಜನ್ ಅಲ್ಲ. ನಾನು ಬದಲಾಯಿಸಿದ್ದೆ. ಮಂಗಳವಾರದಿಂದ ನಿಜವಾದ ಗ್ಯಾಸ್ ಹೋಗ್ತಿತ್ತು."

ಸೂಜಿ ಗಾಳಿಯಲ್ಲೇ ನಿಂತಿತು. ಅವರು ನನ್ನ ಮುಖ ನೋಡಿದ್ದು ಒಂದು ಉಸಿರಿನಷ್ಟು ಹೊತ್ತು.

"ಹಾಕಿ," ಎಂದರು.

ಓಡಿದೆ. ಟ್ಯೂಬು ಸೇರಿಸುವಾಗ ಎರಡು ಸಲ ಜಾರಿತು. ನಮ್ರತಾ ನನ್ನ ಕೈಯಿಂದ ಕಿತ್ತುಕೊಂಡು ತಾನೇ ಸಿಕ್ಕಿಸಿದಳು. ಕೀಲಿ ತಿರುಗಿಸಿದೆ, ಇಪ್ಪತ್ತು. ಅಂಕಿ ಐವತ್ತೆಂಟು. ಎದೆಬಡಿತ ನಿಧಾನವಾಗತೊಡಗಿತ್ತು. ಮ್ಯಾಡಮ್ ಸೂಜಿ ಬಿಟ್ಟು ಒಂದು ಇಂಜೆಕ್ಷನ್ ಕೊಟ್ಟರು, ಅಂಗೈಯನ್ನು ಹುಡುಗನ ಎದೆಯ ಮೇಲೆ ಸಿದ್ಧವಾಗಿ ಇಟ್ಟುಕೊಂಡು ನಿಂತರು. ಐವತ್ತೆಂಟು. ಐವತ್ತೆಂಟು. ಅರವತ್ತು. ನಾನು ನನ್ನ ಹೆಂಡತಿಯನ್ನಾಗಲೀ ಮಕ್ಕಳನ್ನಾಗಲೀ ನೆನೆಯಲಿಲ್ಲ, ಅಂಕಿಯೊಂದನ್ನೇ ನೋಡಿದೆ. ಅರವತ್ತಾರು. ಎಪ್ಪತ್ತನಾಲ್ಕು. ಸದ್ದು ತೆಳ್ಳಗಾಗುತ್ತ ಬಂತು. ಎಂಬತ್ತೇಳಾಗಲು ಹದಿನಾಲ್ಕು ನಿಮಿಷ ಹಿಡಿಯಿತು.

ಎಕ್ಸ್‌ರೇ ಯಂತ್ರವನ್ನು ಹಾಸಿಗೆಯ ಬಳಿಗೇ ತರಿಸಿದರು. ಎದೆಯಲ್ಲಿ ಗಾಳಿ ಇರಲಿಲ್ಲ. ಕಫದ ಗಡ್ಡೆ ಕಟ್ಟಿ ಬಲಗಡೆ ಸದ್ದು ನಿಂತಿತ್ತು ಅಷ್ಟೆ. ಆ ಚಿತ್ರವನ್ನು ಬೆಳಕಿಗೆ ಹಿಡಿದು ಮ್ಯಾಡಮ್ ಬಹಳ ಹೊತ್ತು ನೋಡಿದರು. ತಾವು ಏನು ಮಾಡಲಿದ್ದೆವು ಎಂಬುದನ್ನು ನೋಡುತ್ತಿದ್ದರು.

ಆಮೇಲೆ ನನ್ನನ್ನು ತಮ್ಮ ಕೋಣೆಗೆ ಕರೆದರು. ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು.

"ಉಳಿದ ಹದಿನಾರರಲ್ಲಿ ಎಷ್ಟು?"

"ಒಂದೂ ಇಲ್ಲ, ಮ್ಯಾಡಮ್."

"ನಾನು ಹೇಗೆ ನಂಬಲಿ?"

ಅವರು ಕಪಾಟಿನಿಂದ ಉಳಿದ ಲಕೋಟೆಗಳನ್ನೂ ತಂದು ಒಂದೊಂದಾಗಿ ಒಡೆದರು. ರೋಗಿಗಳ ಪಟ್ಟಿಯ ಪಕ್ಕದಲ್ಲಿ ಇಟ್ಟು, ಮನೆಗೆ ಹೋದವರಿಗೆ ಒಂದು ಗುರುತು, ತೀರಿಕೊಂಡವರಿಗೆ ಒಂದು ಗುರುತು ಹಾಕಿದರು. ನಾನು ಎರಡು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಗ್ಯಾಸ್ ಪಡೆದ ಎಂಟರಲ್ಲಿ ನಾಲ್ಕು ಜನ ಮನೆಗೆ ಹೋಗಿದ್ದರು. ನೈಟ್ರೋಜನ್ ಪಡೆದ ಎಂಟರಲ್ಲೂ ನಾಲ್ಕು ಜನ.

"ಅಂಕಿ ಏರೋದನ್ನ ನೋಡಿ ಬದುಕ್ತಾರೆ ಅಂದುಕೊಂಡಿರಿ," ಎಂದರು. "ನಾನೂ ಹಾಗೇ ಅಂದುಕೊಳ್ತೀನಿ ಅಂತಲೇ ಪರದೆ ಕಟ್ಟಿದ್ದು. ಈ ಹುಡುಗ ಉಳಿದರೆ ನಿಮ್ಮಿಂದ ಉಳಿದ ಅಂತೀರಾ? ನೈಟ್ರೋಜನ್‌ನಲ್ಲೂ ಉಳೀತಿದ್ದನೋ ಏನೋ. ಇನ್ನು ಅದು ಯಾರಿಗೂ ತಿಳಿಯೋಲ್ಲ. ಇಷ್ಟು ತಿಳಿಯುತ್ತೆ, ಇವತ್ತು ಸತ್ತಿದ್ದರೆ ನಿಮ್ಮಿಂದ ಸಾಯ್ತಿದ್ದ. ನನ್ನ ಕೈಯಿಂದ."

ಪಟ್ಟಿಯ ಮೇಲಿಂದ ಕೆಳಗೆ ಒಂದು ಗೆರೆ ಎಳೆದರು. ಹದಿನೇಳು ಹೆಸರೂ ಹೊಡೆದುಹೋದವು, ಅಧ್ಯಯನ ಅಲ್ಲಿಗೆ ರದ್ದು. ಎರಡು ವರ್ಷದ ಕೆಲಸ, ಹದಿನೇಳು ಮನೆಯವರ ಸಹಿ. ಆ ಗೆರೆ ಎಳೆಯುವಾಗ ಅವರ ಕಣ್ಣು ತುಂಬಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ತಂದೆಗೆ ಏನು ಹೇಳಿದ್ದಿರಿ ಆ ದಿನ?"

ಹೇಳಿದೆ, ಎರಡನೇ ಪುಟವನ್ನು ಬಿಟ್ಟಿದ್ದನ್ನೂ. ಅವರು ಎದ್ದು ನಿಂತರು. "ಬನ್ನಿ. ಈಗ ಎಲ್ಲ ಹೇಳಿ. ನಿಮ್ಮ ಮಾತು ನನಗೆ ತಿಳಿಯೋಲ್ಲ. ಅವರ ಮುಖ ತಿಳಿಯುತ್ತೆ, ಅದನ್ನ ನೋಡ್ತಾ ನಿಂತಿರ್ತೀನಿ."

ಶಂಕರಪ್ಪನವರು ಅದೇ ಬೆಂಚಿನ ಮೇಲೆ ಕೂತಿದ್ದರು. ಒಳಗಿನ ಓಡಾಟ ಗಾಜಿನಿಂದ ಕಂಡಿತ್ತು, ಏನಾಯಿತೆಂದು ತಿಳಿದಿರಲಿಲ್ಲ. ನನ್ನನ್ನು ಕಂಡ ಕೂಡಲೇ ಎದ್ದರು. "ಏನಾತ್ರಿ? ಅದಾನಲ್ರಿ ಹುಡುಗ?"

"ಅದಾನ, ಕಾಕಾ. ಕುಂದರ್ರಿ. ಅವತ್ತ ನಾ ನಿಮಗ ಪೂರ್ತಿ ಹೇಳಿರಲಿಲ್ಲ."

ಎಲ್ಲವನ್ನೂ ಹೇಳಿದೆ. ಲಕೋಟೆ, ಅರ್ಧ ಸಂಭವ, ಬರೀ ಗಾಳಿ ಬಂದದ್ದು, ನಾನು ಬದಲಾಯಿಸಿದ್ದು, ಇವತ್ತು ಟ್ಯೂಬು ಕಳಚಿದ್ದು, ಎರಡು ನಿಮಿಷ ನಾನು ಬಾಯಿ ಮುಚ್ಚಿಕೊಂಡಿದ್ದು. ನನ್ನ ಮನೆಯ ಕನ್ನಡದಲ್ಲಿ ಅಷ್ಟು ಉದ್ದ ಮಾತನ್ನು ನಾನು ಎಂದೂ ಆಡಿರಲಿಲ್ಲ. ಮ್ಯಾಡಮ್ ಪಕ್ಕದಲ್ಲಿ ನಿಂತು ಅವರ ಮುಖವನ್ನೇ ನೋಡುತ್ತಿದ್ದರು. ನಾನು ಮಾತ್ರ ನೋಡಲಾರದೆ ಅವರ ಮಡಿಲಿನ ಚೀಲ ನೋಡುತ್ತ ಹೇಳಿದೆ.

"ನೀವು ಕೊಟ್ಟಿದ್ದು ಛಲೋದೇನ್ರಿ, ಕೆಟ್ಟದ್ದೇನ್ರಿ?" ಎಂದು ಕೇಳಿದರು.

"ಗೊತ್ತಿಲ್ಲ ಕಾಕಾ. ಯಾರಿಗೂ ಗೊತ್ತಿಲ್ಲ."

"ಇವತ್ತ ಹುಡುಗ ಹೋಗಾಕ ಹತ್ತಿದ್ದು?"

"ಅದು ನನ್ನಿಂದ."

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬಯ್ಯಲಿಲ್ಲ. "ಬ್ಯಾರೇದವರು ಆಗಿದ್ರ ಹತ್ತು ಸಲ ಕೇಳ್ತಿದ್ದೆ," ಎಂದರು. "ನೀವು ನಮ್ಮವರು ಅಂತ ಒಂದ ಸಲ ಕೇಳಿ ಸಹಿ ಮಾಡಿದೆ."

ಮ್ಯಾಡಮ್ ಸ್ಕ್ಯಾನ್ ಕೈಬಿಟ್ಟು ಜ್ವರಕ್ಕೆ ಔಷಧ ಬದಲಾಯಿಸಿ, ಗ್ಯಾಸನ್ನು ಕ್ರಮವಾಗಿ ಇಳಿಸಿ ಬಿಡಿಸುವುದೊಂದೇ ದಾರಿ ಎಂದು ತೀರ್ಮಾನಿಸಿದರು. ಯಂತ್ರ ತಿಳಿದವನು ನಾನೊಬ್ಬನೇ, ಹಾಗಾಗಿ ನಾನೇ ಇಳಿಸಬೇಕಾಯಿತು. ಹಸಿರು ಪರದೆಯನ್ನು ಬಿಚ್ಚಿ ಮಡಚಿಟ್ಟರು. ಅವರು ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತು, ನಾನು ಮೀಟರು ಓದಿ ಹೇಳಿದ ಪ್ರತಿ ಅಂಕಿಯನ್ನೂ ಬಗ್ಗಿ ತಾವೇ ನೋಡಿ ಬರೆದುಕೊಂಡರು. ಇಪ್ಪತ್ತರಿಂದ ಹತ್ತು, ಹತ್ತರಿಂದ ಐದು, ಐದರಿಂದ ಒಂದು. ಈ ಸಲ ಮಾಮೂಲಿಗಿಂತ ನಿಧಾನ, ಎರಡು ಹಗಲು ಹಿಡಿಯಿತು. ಶನಿವಾರ ಸಂಜೆ ಕೀಲಿ ಮುಚ್ಚಿದೆ. ಅಂಕಿ ಎಂಬತ್ತೆಂಟಕ್ಕೆ ಇಳಿದು, ಅಲ್ಲೇ ನಿಂತು, ತೊಂಬತ್ತಕ್ಕೆ ಏರಿತು.

ಭಾನುವಾರ ನನಗೆ ಐಸಿಯು ಬಾಗಿಲು ಬಂದ್ ಆಯಿತು. ವಿಚಾರಣೆ ಮುಗಿಯುವ ತನಕ ನೆಲಮಹಡಿಯ ಸಿಲಿಂಡರ್ ಗೋದಾಮಿನಲ್ಲಿ ಕೆಲಸ. ಅದು ನ್ಯಾಯವೇ. ನನ್ನನ್ನು ಸುಟ್ಟದ್ದು ಅದಲ್ಲ.

ಹನ್ನೊಂದನೇ ದಿನ ಬೆಳಿಗ್ಗೆ ಸುನೀಲನ ಗಂಟಲಿನ ನಳಿಗೆ ತೆಗೆದರು ಎಂದು ಸುದ್ದಿ ಬಂತು. ತಡೆಯಲಾರದೆ ಮೇಲೆ ಹೋದೆ. ಬಾಗಿಲ ಹೊರಗೆ ಮ್ಯಾಡಮ್ ಶಂಕರಪ್ಪನವರಿಗೆ ಹೇಳುತ್ತಿದ್ದರು, ಪಕ್ಕದಲ್ಲಿ ನಮ್ರತಾ ಸಿಸ್ಟರ್. ಹುಡುಗ ತಾನೇ ಉಸಿರಾಡುತ್ತಿದ್ದಾನೆ, ನೀರು ಕೇಳಿದ, ಇನ್ನೂ ಎಂಟು ಹತ್ತು ದಿನ ಇಲ್ಲೇ ಇರಬೇಕು, ಮತ್ತೆ ಆ ಘಟಕದ ಕೆಲಸಕ್ಕೆ ಕಳಿಸಬೇಡಿ. ಎಲ್ಲ ಮರಾಠಿಯಲ್ಲಿ, ನಡುನಡುವೆ ಹಿಂದಿಯಲ್ಲಿ. ಶಂಕರಪ್ಪನವರು ಅವರ ತುಟಿಯನ್ನೇ ನೋಡುತ್ತಿದ್ದರು, ಏನೂ ತಿಳಿಯುತ್ತಿರಲಿಲ್ಲ. ನಗಬೇಕೋ ಅಳಬೇಕೋ ಎಂಬುದೂ ತಿಳಿಯದ ಮುಖ.

ನಾನು ಮುಂದೆ ಹೋದೆ. "ಕಾಕಾ, ಹುಡುಗ..." ಎಂದು ಬಾಯಿ ತೆರೆದೆ.

ಅವರು ನನ್ನ ಕಡೆ ತಿರುಗದೆಯೇ ಕೈ ಎತ್ತಿ ತಡೆದರು. ಸಿಟ್ಟಿನಿಂದಲ್ಲ. ರಸ್ತೆ ದಾಟುವಾಗ ಪಕ್ಕದವರನ್ನು ತಡೆಯುವಂತೆ, ಸುಮ್ಮನೆ. ಆಮೇಲೆ ನಮ್ರತಾಳ ಕಡೆ ತಿರುಗಿ, ಹುಡುಗ ಸಾಯುವುದಿಲ್ಲ ತಾನೇ ಎಂದು, ಇದ್ದ ನಾಲ್ಕಾರು ಹಿಂದಿ ಶಬ್ದಗಳನ್ನು ಹುಡುಕಿ ಹುಡುಕಿ ಕೇಳಿದರು. "ಸಿಸ್ಟರ್. ಲಡಕಾ, ಅಚ್ಛಾ? ಮರೇಗಾ ನಹೀ?"

"ನಹೀ ಬಾಬಾ, ನಹೀ. ಅಚ್ಛಾ ಹೈ," ಎಂದಳು ಅವಳು. ತನ್ನ ಮೂಗು ಮುಟ್ಟಿ, ಉಸಿರೆಳೆದು ಬಿಟ್ಟು ತೋರಿಸಿದಳು. ಹತ್ತು ಬೆರಳು ಎತ್ತಿ ದಿನ ಎಣಿಸಿದಳು. ಆ ಹತ್ತು ಏನೆಂದು ಅವರಿಗೆ ತಿಳಿಯಲಿಲ್ಲ. ಹತ್ತು ಗಂಟೆಯೇ, ಹತ್ತು ಸಲ ಔಷಧವೇ? ಮತ್ತೆ ಕೇಳಿದರು. ಅವಳು ಮತ್ತೆ ಹೇಳಿದಳು. ಮೂರನೇ ಸಲವೂ ಕೇಳಿದರು.

ಎರಡು ಮಾರು ದೂರದಲ್ಲಿ ನಾನು ನಿಂತಿದ್ದೆ. ಅವಳು ಹೇಳಿದ ಒಂದೊಂದು ಶಬ್ದವೂ ನನಗೆ ಗೊತ್ತಿತ್ತು, ಅವರ ಭಾಷೆಯಲ್ಲಿ ಹೇಗೆ ಹೇಳಬೇಕೆಂಬುದೂ ಗೊತ್ತಿತ್ತು. ಅವರು ನನ್ನನ್ನು ಕೇಳಲಿಲ್ಲ. ನಾಲ್ಕನೇ ಸಲ ಬೆರಳು ಎಣಿಸಿ ತಲೆಯಾಡಿಸಿದರು. ಅರ್ಧ ತಿಳಿದಿತ್ತೋ ಏನೋ, ಅಷ್ಟನ್ನೇ ಇಟ್ಟುಕೊಂಡು ಮಗನನ್ನು ನೋಡಲು ಒಳಗೆ ಹೋದರು.